ಒಂದೇ ತೋಟ, ಒಂದೇ ಮಳೆ. ಯಜಮಾನರ ಲೆಕ್ಕ ಬೇರೆ, ಯಜಮಾನ್ತಿ ಲೆಕ್ಕ ಬೇರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಮಳೆ-ಬಿಸಿಲಿನ ಮಾತು ಬಂದ್ರೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವು ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಮೀಟಿಂಗಲ್ಲಿ ಹೆಂಗಸರು ಕೇಳಿದ್ದು, ಕೆಲವು ಸೊಸೈಟಿ ಜಗಲಿಯಲ್ಲಿ ಗಂಡಸರು ಕುಶಾಲಿಗೆ ಕೇಳಿದ್ದು, ಕುಶಾಲಿಗೆ ಕೇಳಿದ್ರೂ ಉತ್ತರ ಕುಶಾಲಿಂದಲ್ಲ. ನಾನು ಆಫೀಸರೂ ಅಲ್ಲ ವಿಜ್ಞಾನಿಯೂ ಅಲ್ಲ, ಒಂದೂವರೆ ಎಕ್ರೆ ತೋಟ, ಎರಡು ದನ, ಒಂದು ನೀರಿನ ಸುರಂಗ ಇರುವ ಮನೆಯ ಸೊಸೆ. ನೋಡಿದ್ದನ್ನು, ಓದಿ ತಿಳ್ಕೊಂಡದ್ದನ್ನು ಸೇರಿಸಿ ಬರೆದಿದ್ದೇನೆ.

ಮಳೆ ಎಲ್ಲರ ಮೇಲೂ ಒಂದೇ ತರ ಬೀಳ್ತದಲ್ಲ, ಅದರಲ್ಲಿ ಗಂಡು ಹೆಣ್ಣು ಅಂತ ಎಂತದ್ದು?

2025ರ ಮೇ ನೆನಪು ಮಾಡ್ಕೊಳ್ಳಿ. ಜೂನ್ 1ಕ್ಕೆ ಬರ್ಬೇಕಾದ ಮಳೆಗಾಲ ಕೇರಳಕ್ಕೆ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಆ ವಾರ ನಮ್ಮ ಯಜಮಾನರ ತಲೆಬಿಸಿ ಎಂತ ಅಂದ್ರೆ ಕೊಳೆರೋಗಕ್ಕೆ ಮೊದಲ ಮದ್ದು ಬಿಟ್ಟಾಗ್ಲಿಲ್ಲ, ಮದ್ದು ಬಿಡುವವರು ಫೋನ್ ಎತ್ತುದಿಲ್ಲ, ಎತ್ತಿದ್ರೆ ಮಳೆ ಬಿಡ್ಲಿ ಅಂತಾರೆ, ಮಳೆ ಬಿಡುದಿಲ್ಲ. ನನ್ನ ತಲೆಬಿಸಿ ಬೇರೆ. ಚಾಪೆಯಲ್ಲಿ ಹಾಕಿದ ಹಲಸಿನ ಹಪ್ಪಳ ಅರ್ಧ ಒಣಗಿ ಬೂಸ್ಟು ಹಿಡೀತಾ ಉಂಟು, ಹಟ್ಟಿಗೆ ಹಾಕ್ಲಿಕ್ಕೆ ತರಗೆಲೆ ಗುಡಿಸಿ ಇಟ್ಟಾಗ್ಲಿಲ್ಲ, ಬಚ್ಚಲ ಕಟ್ಟಿಗೆ ಮಾಡಿನಡಿಗೆ ಸೇರಿಲ್ಲ, ಅಂಗಳದಲ್ಲಿ ಕಡೇ ಕೊಯ್ಲಿನ ಅಡಿಕೆ ಇನ್ನೂ ಹಸಿ.

ಮಳೆ ಒಂದೇ, ಪಟ್ಟಿ ಎರಡು. ಮೊದಲ ಪಟ್ಟಿಯದ್ದು ಅಂಗಡಿಯಲ್ಲಿ, ಸೊಸೈಟಿಯಲ್ಲಿ, ಪೇಪರಿನಲ್ಲಿ ಮಾತಾಗ್ತದೆ. ಎರಡನೇ ಪಟ್ಟಿಯದ್ದು ಅಡಿಗೆಮನೆ ಬಿಟ್ಟು ಹೊರಗೆ ಬರುದಿಲ್ಲ. ಇನ್ನೂ ಒಂದು ವಿಷಯ ಉಂಟು, ಅವರ ಪಟ್ಟಿ ನನಗೆ ಪೂರ್ತಿ ಗೊತ್ತಿರುದಿಲ್ಲ, ನನ್ನದ್ದು ಅವರಿಗೆ ಗೊತ್ತಿರುದಿಲ್ಲ. ಕಷ್ಟ ಬಂದಾಗ ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ದಾರಿ ಹಿಡಿದು ಓಡುದು, ಒಬ್ಬರಿಗೊಬ್ಬರು ಹೇಳದೆ. ಈ ಬರವಣಿಗೆಯೇ ಅದರ ಬಗ್ಗೆ.

ನಿಜವಾಗಿ ಬದಲಾಗಿದೆಯಾ ಅಥವಾ ಮೊದಲೂ ಹೀಗೇ ಇತ್ತಾ?

ಮಳೆ ಹೆಚ್ಚುಕಮ್ಮಿ ಮೊದಲೂ ಆಗ್ತಿತ್ತು, ಅಜ್ಜಂದಿರು ಹೇಳಿದ್ದು ಸುಳ್ಳಲ್ಲ. ಆದ್ರೆ ಸಾಲು ನೋಡಿ. 2016ರಲ್ಲಿ ಮಳೆ ಕೈಕೊಟ್ಟು ಕೇರಳದ 14 ಜಿಲ್ಲೆಗಳನ್ನೂ ಬರಪೀಡಿತ ಅಂತ ಘೋಷಿಸಿದ್ರು. 2018ರ ಆಗಸ್ಟಲ್ಲಿ ಕೇರಳದಲ್ಲಿ ಮಹಾ ನೆರೆ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ಹೊತ್ತು) ಕೊಡೆ ಬಿಟ್ಟು ಪೇಟೆಗೆ ಹೋದದ್ದು ನನಗೆ ಈಗಲೂ ನೆನಪುಂಟು. ಮತ್ತೆ 2025ರದ್ದು ಮೇಲೆ ಹೇಳಿದೆ. ಹತ್ತು ವರ್ಷದ ಒಳಗೆ ಇಷ್ಟು.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳ್ತದೆ, ಹೆಸರಿಗೆ 12 ಹೊಳೆ ಉಂಟು, ಆದ್ರೂ ಮಾರ್ಚಿಗೆ ಬಾವಿಯ ತಳ ಕಾಣ್ತದೆ. ಮುರಕಲ್ಲಿನ ಗುಡ್ಡ, ಇಳಿಜಾರು, ಬಿದ್ದ ನೀರು ಎರಡು ದಿನದಲ್ಲಿ ಸಮುದ್ರಕ್ಕೆ. ಮೊದಲು ತಿಂಗಳುಗಟ್ಟಲೆ ಜಿನುಗುತ್ತಿದ್ದ ಮಳೆ ಈಗ ನಾಲ್ಕು ದಿನ ಹೊಯ್ದು ಹದಿನೈದು ದಿನ ಬಿಡ್ತದೆ, ಹಾಗಾದ್ರೆ ಲೆಕ್ಕದಲ್ಲಿ ಮಿಲಿಮೀಟರ್ ಸರಿ ಇದ್ದರೂ ಭೂಮಿ ಕುಡಿದದ್ದು ಕಮ್ಮಿಯೇ.

ಹವಾಮಾನ ಕೆಟ್ರೆ ಯಾರ ಕೆಲಸ ಹೆಚ್ಚಾಗ್ತದೆ?

ಇಬ್ಬರದ್ದೂ. ಆದ್ರೆ ಸಂಬಳ ಕೊಟ್ಟು ಮಾಡಿಸುವ ಕೆಲಸ ಮತ್ತು ಸಂಬಳ ಇಲ್ಲದ ಕೆಲಸ ಅಂತ ಎರಡು ಉಂಟಲ್ಲ, ಹೆಂಗಸರ ಪಾಲಿಗೆ ಹೆಚ್ಚಾಗುದು ಎರಡನೆಯದ್ದು.

ಕೊಳೆರೋಗವನ್ನೇ ತಕ್ಕೊಳ್ಳಿ. ಎಡೆಬಿಡದೆ ಮಳೆ ಹೊಯ್ದು ತೇವ ನಿಂತ್ರೆ ಎಳೆ ಅಡಿಕೆ ಕೊಳೆತು ಉದುರ್ತದೆ. ಮದ್ದು ಬೋರ್ಡೋ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮರ ಹತ್ತಿ ಅಥವಾ ದೋಟಿ (ಉದ್ದ ಕೋಲು) ಹಿಡಿದು ಬಿಡುವವರು ಗಂಡಸರು, ಅವರಿಗೆ ದಿನಕ್ಕೆ ಒಳ್ಳೇ ಸಂಬಳ, ಕೊಡ್ಲೇಬೇಕು, ಅಪಾಯದ ಕೆಲಸ. ನೀರು ಹೊತ್ತು ತಂದು ಸುಣ್ಣ ಕದಡಿ ಕೊಡುವವರು ಯಾರು? ಮತ್ತೆ ಮದ್ದು ಬಿಟ್ರೂ ಬಿದ್ದ ಅಡಿಕೆಯನ್ನು ಜಾರುವ ತೋಟದಲ್ಲಿ, ಸೊಳ್ಳೆಯಲ್ಲಿ ಬಗ್ಗಿ ಬಗ್ಗಿ ಹೆಕ್ಕುವವರು ಯಾರು? ಹೆಕ್ಕದೆ ಬಿಟ್ರೆ ರೋಗ ಅಲ್ಲೇ ಉಳೀತದೆ, ಹೆಕ್ಕಿದ್ರೆ ಕ್ರಯ ಇಲ್ಲ. ಹಾಗಾಗಿ ಆ ಕೆಲಸಕ್ಕೆ ಸಂಬಳ ಕೊಟ್ಟು ಜನ ಮಾಡುದಿಲ್ಲ, ಮನೆಯವರೇ ಮಾಡ್ಬೇಕು, ಮನೆಯವರು ಅಂದ್ರೆ ಯಾರು ಅಂತ ನಿಮಗೆ ಗೊತ್ತುಂಟು.

ಒಣಗಿಸುದು ಇನ್ನೊಂದು ಕಷ್ಟ. ಹಣ್ಣಡಿಕೆ ಒಣಗಿ ಚಾಲಿ ಆಗ್ಬೇಕಾದ್ರೆ ಒಂದೂವರೆ ತಿಂಗಳು ಹತ್ತಿರ ಬಿಸಿಲು ಬೇಕು. ಮೊದಲು ಡಿಸೆಂಬರಿಂದ ಮಾರ್ಚ್ ಅಂಗಳಕ್ಕೆ ಹಾಕಿದ್ರೆ ನಿದ್ದೆ ಮಾಡ್ಬಹುದಿತ್ತು. ಈಗ ಜನವರಿಯಲ್ಲೂ ಮೋಡ ನೋಡಿ ಟರ್ಪಾಲು ಎಳೆಯುದು, ಬಿಸಿಲು ಬಂದ್ರೆ ತೆಗೆಯುದು, ಮಧ್ಯರಾತ್ರಿ ಗುಡುಗಿದ್ರೆ ಎದ್ದು ಓಡುದು. ಈ ಓಟಕ್ಕೆ ಲೆಕ್ಕಪುಸ್ತಕದಲ್ಲಿ ಕಾಲಮ್ ಇಲ್ಲ. ಸೋಲಾರ್ ಗುಡಾರ ಹಾಕಿಸಿದ ಮನೆಗಳಲ್ಲಿ ಇದು ಎಷ್ಟೋ ಕಮ್ಮಿ ಆಗಿದೆ, ಆದ್ರೆ ಗುಡಾರಕ್ಕೆ ದುಡ್ಡು ಹಾಕುದಾ ಹೊಸ ಪಂಪಿಗೆ ಹಾಕುದಾ ಅಂತ ಬಂದಾಗ ನಮ್ಮಲ್ಲಿ ಮೂರು ವರ್ಷ ಪಂಪೇ ಗೆದ್ದದ್ದು.

ದೇಶದ ಲೆಕ್ಕ ಬೇಕಾದ್ರೆ, 2023-24ರ ಸರಕಾರಿ ಕಾರ್ಮಿಕ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಸುಮಾರು 77 ಮಂದಿ ಕೃಷಿಯಲ್ಲೇ, ಗಂಡಸರಲ್ಲಿ ಅದು ನೂರಕ್ಕೆ 50ರ ಒಳಗೆ. ಗಂಡಸರು ನಿಧಾನಕ್ಕೆ ಕೃಷಿ ಬಿಡ್ತಾ ಇದ್ದಾರೆ, ಹೆಂಗಸರು ಬಿಡ್ಲಿಕ್ಕಾಗದೆ ಉಳೀತಾ ಇದ್ದಾರೆ.

ಹಾಗಾದ್ರೆ ಗಂಡಸರಿಗೆ ಕಷ್ಟವೇ ಇಲ್ವಾ? ಎಲ್ಲ ಹೆಂಗಸರಿಗೇನಾ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ, ಸರಿಯಾದ ಪ್ರಶ್ನೆ. ಗಂಡಸರ ಕಷ್ಟದ ರೂಪ ಬೇರೆ. ಒದ್ದೆ ಮರ ಜಾರಿ ಬೀಳುದು, ಲೋಹದ ದೋಟಿ ಕರೆಂಟ್ ಲೈನಿಗೆ ತಾಗುದು, ಗುಡುಗು ಮಿಂಚಲ್ಲಿ ತೋಟದಲ್ಲಿ ಸಿಕ್ಕಿಬೀಳುದು, ಇದೆಲ್ಲ ಅವರ ಪಾಲು. ಮತ್ತೆ ಸಾಲ. ಸೊಸೈಟಿಯಲ್ಲಿ, ಬ್ಯಾಂಕಲ್ಲಿ ಸಹಿ ಹಾಕಿದ್ದು ಅವರು, ನೋಟೀಸು ಬರುದು ಅವರ ಹೆಸರಿಗೆ, ಮರ್ಯಾದೆ ಹೋಗುದು ಅವರದ್ದು ಅಂತ ಅವರೇ ತಿಳ್ಕೊಂಡಿರ್ತಾರೆ. ದೇಶದ ಅಪರಾಧ ದಾಖಲೆ ಬ್ಯೂರೋದ ವರದಿಗಳಲ್ಲಿ ವರ್ಷ ವರ್ಷವೂ ಆತ್ಮಹತ್ಯೆ ಮಾಡಿಕೊಂಡ ಕೃಷಿಕರಲ್ಲಿ ಬಹುಪಾಲು ಗಂಡಸರೇ. ಅದಕ್ಕೆ ಹಿಂದೆ ಹವಾಮಾನ ಒಂದೇ ಕಾರಣ ಅಲ್ಲ, ಆದ್ರೆ ಬೆಳೆ ಹೋದ ವರ್ಷ ಸಾಲ ಎಷ್ಟುಂಟು ಅಂತ ಹೆಂಡತಿಗೆ ಹೇಳದ ಗಂಡಸರನ್ನು ನಾನು ನಮ್ಮ ಸಂಬಂಧದಲ್ಲೇ ನಾಲ್ಕು ಮಂದಿ ತೋರಿಸ್ತೇನೆ.

ಒಬ್ಬರು ಭಾವ, ಸಾಯುವ ಮಾತು ಅಲ್ಲ ಬಿಡಿ, ಈಗ ಆರಾಮ ಇದ್ದಾರೆ, ಅವರು ಬೋರ್‌ವೆಲ್ಲಿಗೆ ತೆಗೆದ ಸಾಲ ಅಕ್ಕನಿಗೆ ಗೊತ್ತಾದದ್ದು ಐದು ವರ್ಷದ ನಂತರ. ಅಕ್ಕ ಅದೇ ಐದು ವರ್ಷ ರಾತ್ರಿ ಬೀಡಿ ಕಟ್ಟಿ ಮಗಳ ಫೀಸ್ ಕಟ್ತಾ ಇದ್ದಳು, ಅದರಲ್ಲಿ ಉಳಿಸಿದ್ದನ್ನು ಸಾಸಿವೆ ಡಬ್ಬದಲ್ಲಿ ಇಟ್ಟದ್ದು ಭಾವನಿಗೆ ಗೊತ್ತಿರ್ಲಿಲ್ಲ. ಇಬ್ಬರೂ ಒಂದೇ ಬರಗಾಲದ ಜತೆ ಹೊಡೆದಾಡ್ತಾ ಇದ್ದದ್ದು, ಬೇರೆ ಬೇರೆ ಕೋಣೆಯಲ್ಲಿ.

ನೀರಿನ ವಿಷಯದಲ್ಲಿ ಎಂತ ವ್ಯತ್ಯಾಸ?

ಇದು ನಮ್ಮ ಕಡೆಯ ದೊಡ್ಡ ಕಥೆ, ಸ್ವಲ್ಪ ಉದ್ದ ಆಗ್ತದೆ.

ನಮ್ಮಲ್ಲಿ ಸುರಂಗ ಅಂದ್ರೆ ರೈಲಿನದ್ದಲ್ಲ, ಗುಡ್ಡಕ್ಕೆ ಅಡ್ಡಲಾಗಿ ಮುರಕಲ್ಲು ಕೊರೆದು ನೀರಿನ ಒರತೆ ಹಿಡಿಯುವ ದಾರಿ. ಒಬ್ಬರು ಬಗ್ಗಿ ಹೋಗುವಷ್ಟು ಅಗಲ, ನೀರು ತಾನಾಗಿ ಹೊರಗೆ ಹರಿದು ಬರ್ತದೆ, ಕರೆಂಟ್ ಬೇಡ. ಕೊರೆದದ್ದೆಲ್ಲ ಗಂಡಸರು, ಕ್ಯಾಂಡಲ್ ಬೆಳಕಲ್ಲಿ, ಜೀವ ಕೈಯಲ್ಲಿ ಹಿಡ್ಕೊಂಡು. ಆದ್ರೆ ಸುರಂಗದ ನೀರು ಮನೆಯ ಟ್ಯಾಂಕಿಗೆ ಬಂದು ಬೀಳುದರಿಂದ ಅದು ಹೆಂಗಸರ ಕೈಯ ನೀರು. ಎಷ್ಟು ಸಪುರ ಆಯ್ತು, ಯಾವ ತಿಂಗಳಲ್ಲಿ ಆಯ್ತು ಅಂತ ನಮ್ಮ ಅತ್ತೆಗೆ ಕೊಡಪಾನ ತುಂಬುವ ಹೊತ್ತಿನಲ್ಲಿ ಗೊತ್ತಾಗ್ತದೆ.

ಹೊಳೆ ತೋಡಿಗೆ ಕಟ್ಟ ಹಾಕುದು ಇನ್ನೊಂದು. ಏತಡ್ಕ ಕಡೆ ಇದು ತಲೆಮಾರಿನಿಂದ ಬಂದದ್ದು, ಮಳೆ ನಿಂತ ಮೇಲೆ ಕಲ್ಲು ಮಣ್ಣು ಅಡಿಕೆ ಮರ ಹಾಕಿ ನೀರು ನಿಲ್ಲಿಸುದು, ಮತ್ತೆ ಮುಂದಿನ ಮಳೆಗೆ ಅದು ಹೋಗ್ತದೆ. ಹತ್ತು ಮನೆಯವರು ಸೇರಿ ಕಟ್ಟಬೇಕು. ಅದರಿಂದ ಮೇಲಿನ ಬಾವಿಗೂ ನೀರು, ಕೆಳಗಿನ ಬಾವಿಗೂ ನೀರು.

ಬೋರ್‌ವೆಲ್ ಬಂದ ಮೇಲೆ ಈ ಎರಡೂ ಸೊರಗಿತು. ಕಾಸರಗೋಡು ಬ್ಲಾಕ್ 2017ರ ಅಂತರ್ಜಲ ಲೆಕ್ಕದಲ್ಲಿ ಕ್ರಿಟಿಕಲ್, ಅಂದ್ರೆ ಅಪಾಯದ ಮಟ್ಟದ ಪಟ್ಟಿಯಲ್ಲಿ ಇತ್ತು, ಕೇರಳದಂತ ಮಳೆ ಊರಲ್ಲಿ. ಈಗ ವ್ಯತ್ಯಾಸ ನೋಡಿ. ಬರ ಬಂದ್ರೆ ಗಂಡಸರ ಉತ್ತರ ಬೋರ್‌ವೆಲ್, ಯಾಕಂದ್ರೆ ಅವರ ಕಣ್ಣಿಗೆ ಕಾಣುದು ತೋಟದ ಸೋಗೆ ಬಾಡಿದ್ದು. ಹೆಂಗಸರ ಉತ್ತರ ನೀರು ಉಳಿಸುದು, ಅಕ್ಕಿ ತೊಳೆದ ನೀರು ದನಕ್ಕೆ, ಪಾತ್ರೆ ತೊಳೆದದ್ದು ಬಾಳೆಗೆ, ಬಟ್ಟೆ ಎರಡು ದಿನಕ್ಕೊಮ್ಮೆ. ಮೀಟಿಂಗಲ್ಲಿ ಗಂಡಸರು ಬೋರ್‌ವೆಲ್ಲಿಗೆ ಸಬ್ಸಿಡಿ ಉಂಟಾ ಅಂತ ಕೇಳ್ತಾರೆ, ಕಟ್ಟ ಹಾಕುವ ದಿನ ಬದ್ಲಿಗೆ ಜನ ಕಳಿಸ್ತಾರೆ. ಹೆಂಗಸರನ್ನು ಕೇಳಿದ್ರೆ ಹೆಚ್ಚಿನವರು ಕಟ್ಟ ಬೇಕು ಅಂತಾರೆ, ಬಾವಿ ಬತ್ತಿದ್ರೆ ದೂರದಿಂದ ಹೊರುದು ಅವರೇ ಅಲ್ವಾ. ಆದ್ರೆ ಕೇಳುದು ಯಾರು.

ಕೈಯಲ್ಲಿ ದುಡ್ಡಿಲ್ಲದಾಗ ಮೊದಲು ಎಂತ ಹೋಗ್ತದೆ?

ಬಳೆ. ಜಾಗ ಮಾರುದು ಕಡೆಗೆ, ಬೈಕ್ ಅದಕ್ಕಿಂತ ಸ್ವಲ್ಪ ಮೊದಲು, ದನ ಅದಕ್ಕೂ ಮೊದಲು, ಎಲ್ಲಕ್ಕಿಂತ ಮೊದಲು ಹೆಂಡತಿಯ ಚಿನ್ನ ಅಡವು. ಬೇಗ ಸಿಗ್ತದೆ, ಜಾಮೀನು ಬೇಡ, ಪಹಣಿ ಬೇಡ. ಬೆಳೆ ಹೋದ ವರ್ಷಕ್ಕೆ ನಮ್ಮ ಮನೆಗಳ ನಿಜವಾದ ವಿಮೆ ಅದೇ, ಮತ್ತೆ ಅದರ ಪ್ರೀಮಿಯಂ ಕಟ್ಟಿದ್ದು ಹೆಣ್ಣಿನ ತವರುಮನೆ. ಬಿಡಿಸ್ಲಿಕ್ಕಾಗದೆ ಏಲಂ ಆದ್ರೆ ಅವಳ ಹೆಸರಲ್ಲಿ ಇದ್ದ ಒಂದೇ ಆಸ್ತಿ ಹೋಯ್ತು. ತೋಟ ಉಳೀತು, ತೋಟ ಅವಳ ಹೆಸರಲ್ಲಿ ಇಲ್ಲ.

ನಾನು ಅಡವು ಇಡಬೇಡಿ ಅಂತ ಹೇಳುದಿಲ್ಲ, ನಾನೂ ಇಟ್ಟಿದ್ದೇನೆ. ಇಡುವ ಮೊದಲು ಒಂದು ಕೇಳಿ, ಕೃಷಿ ಸಾಲಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಿಸಿದ್ದುಂಟಾ ಅಂತ. 3 ಲಕ್ಷದವರೆಗೆ ಬಡ್ಡಿ ನೂರಕ್ಕೆ 7, ಸರಿಯಾದ ವಾಯಿದೆಗೆ ಕಟ್ಟಿದ್ರೆ 4ಕ್ಕೆ ಇಳೀತದೆ. ಚಿನ್ನದ ಸಾಲದ ಬಡ್ಡಿ ಜತೆ ಹೋಲಿಸಿ ನೋಡಿ ಮತ್ತೆ ಬಳೆ ಕಳಚಿ.

ಊಟದಲ್ಲೂ ವ್ಯತ್ಯಾಸ ಉಂಟಾ?

ಉಂಟು, ಯಾರೂ ಒಪ್ಪುದಿಲ್ಲ. ಮೀನು ಕಮ್ಮಿ ಬಂದ ದಿನ ತುಂಡು ಯಾರ ಬಟ್ಲಿಗೆ ಹೋಗ್ತದೆ ನೋಡಿ ಸಾಕು.

ಆದ್ರೆ ಹೆಂಗಸರ ಅಡಿಗೆಮನೆ ಬರೀ ಕಮ್ಮಿ ಉಣ್ಣುವ ಜಾಗ ಅಲ್ಲ, ಅದು ಆಟಿಗೆ ತಯಾರಾಗುವ ಗೋದಾಮು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಸಾಂತಾಣಿ (ಉಪ್ಪಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಾವಿನ ಮಿಡಿ, ಬಾಳೆನಾರಲ್ಲಿ ಕಟ್ಟಿ ಅಟ್ಟಕ್ಕೆ ತೂಗಿಸಿದ ಸೌತೆಕಾಯಿ. ಬೂದಿ ಹಚ್ಚಿ ಇಟ್ಟ ಅಲಸಂದೆ ಬೆಂಡೆ ಬೀಜ. ಮಳೆ ಹೆಚ್ಚಾಗಿ ದಾರಿ ಬಂದಾಗಿ ಎಂಟು ದಿನ ಪೇಟೆಗೆ ಹೋಗ್ಲಿಕ್ಕಾಗದಿದ್ರೂ ಮನೆ ನಡೀತಿತ್ತು. ಈಗ ಏಪ್ರಿಲ್-ಮೇ ಮಳೆಗೆ ಹಪ್ಪಳ ಸಾಂತಾಣಿ ಒಣಗುದಿಲ್ಲ, ಕೋಸಂಬರಿಗೂ ಪೇಟೆ ತರಕಾರಿ. ಬೀಜ ಇಡುವ ಅತ್ತೆಯಂದಿರ ಕೈಯಿಂದ ಅದನ್ನು ಕಲಿತವರು ಕಮ್ಮಿ, ನಾನೂ ಅರ್ಧವೇ ಕಲಿತದ್ದು.

ಜಾಗ ನನ್ನ ಹೆಸರಲ್ಲಿ ಇಲ್ಲ. ಅದರಿಂದ ಹವಾಮಾನಕ್ಕೆ ಎಂತ ಸಂಬಂಧ?

ಸಂಬಂಧ ಅಲ್ಲೇ ಇರುದು. ಸಹಾಯ ಅಂತ ಬರುವ ಪ್ರತಿಯೊಂದೂ ಜಾಗದ ಹೆಸರಿಗೆ ಬರ್ತದೆ. ಪಿಎಂ ಕಿಸಾನ್ ವರ್ಷಕ್ಕೆ 6,000, ಜಾಗ ಇದ್ದ ಕುಟುಂಬಕ್ಕೆ. ಗಾಳಿಗೆ ಮರ ಬಿದ್ದದ್ದಕ್ಕೆ ಪರಿಹಾರ, ಬೆಳೆ ವಿಮೆ, ಪಂಪಿಗೆ ಸಬ್ಸಿಡಿ, ಎಲ್ಲದಕ್ಕೂ ಮೊದಲು ಕೇಳುದು ತೀರ್ವೆ (ಭೂಕಂದಾಯ) ರಶೀದಿ. ರಶೀದಿಯಲ್ಲಿ ಹೆಸರಿಲ್ಲದವರು ಸರಕಾರದ ಕಣ್ಣಿಗೆ ಕೃಷಿಕರೇ ಅಲ್ಲ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರು ಇಂಥದ್ದನ್ನು ನೋಡಿಯೇ ರಾಜ್ಯಸಭೆಯಲ್ಲಿ ಮಹಿಳಾ ಕೃಷಿಕರ ಹಕ್ಕಿನ ಮಸೂದೆ, 2011 ಅಂತ ಒಂದು ಖಾಸಗಿ ಮಸೂದೆ ತಂದಿದ್ರು, ಜಾಗ ಇರ್ಲಿ ಇಲ್ಲದಿರ್ಲಿ ಕೃಷಿ ಮಾಡುವ ಹೆಂಗಸಿಗೆ ಕೃಷಿಕಳು ಅಂತ ಸರ್ಟಿಫಿಕೇಟ್ ಕೊಡ್ಬೇಕು ಅಂತ. ಅದು ಕಾನೂನು ಆಗ್ಲಿಲ್ಲ.

ನಮ್ಮ ತುಳುನಾಡಿನ ತಮಾಷೆ ಎಂತ ಅಂದ್ರೆ ಅಳಿಯಸಂತಾನ ಕಟ್ಟು ಇದ್ದ ಊರು ಇದು, ಬಂಟರಲ್ಲಿ ಇನ್ನು ಕೆಲವು ಸಮುದಾಯಗಳಲ್ಲಿ ಆಸ್ತಿ ಹೆಣ್ಣಿನ ಸಾಲಲ್ಲಿ ಬರ್ತಿತ್ತು. ಆಗಲೂ ಯಜಮಾನಿಕೆ ಹೆಚ್ಚಾಗಿ ಮಾವನದ್ದೇ, ಅದು ಬೇರೆ. ಈಗ ಕಾನೂನು ಪ್ರಕಾರ 2005ರ ತಿದ್ದುಪಡಿ ನಂತರ ಹಿಂದೂ ಮನೆಗಳಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು, ಕೇರಳ ಅಂತೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ 1975ರ ಕಾನೂನಿನಲ್ಲಿ ತೆಗೆದು ಹಾಕಿತ್ತು. ಮುಸ್ಲಿಂ ಮನೆಗಳಲ್ಲಿ ಶರೀಅತ್ ಲೆಕ್ಕ, ಮಗಳಿಗೆ ಮಗನ ಅರ್ಧ. ಕಾಗದದಲ್ಲಿ ಇಷ್ಟೆಲ್ಲ ಉಂಟು. ಮದುವೆಗೆ ಚಿನ್ನ ಕೊಟ್ಟಾಯ್ತಲ್ಲ ಅಂತ ಅಣ್ಣ ಹೇಳಿದ್ರೆ ಅಕ್ಕ ಸಹಿ ಹಾಕಿ ಬರ್ತಾಳೆ, ಅದೇ ಚಿನ್ನ ಬರಗಾಲದಲ್ಲಿ ಗಂಡನ ತೋಟಕ್ಕೆ ಅಡವು ಹೋಗ್ತದೆ.

ಬೆಳೆ ವಿಮೆ ಮಾಡಿಸಿದ್ರೆ ಸಾಕಲ್ವಾ?

ಮಾಡಿಸಿ. ಆದ್ರೆ ಹವಾಮಾನ ಆಧಾರಿತ ವಿಮೆ ಅಂದ್ರೆ ನಿಮ್ಮ ತೋಟ ನೋಡಿ ದುಡ್ಡು ಕೊಡುದಲ್ಲ, ಮಳೆ ಮಾಪನ ಸ್ಟೇಷನ್ನಿನ ಲೆಕ್ಕ ನೋಡಿ ಕೊಡುದು. ಸ್ಟೇಷನ್ ಇದ್ದಲ್ಲಿ ಹೊಯ್ಯದ ಮಳೆ ನಿಮ್ಮ ಗುಡ್ಡದ ಹಿಂದೆ ಹೊಯ್ದಿದ್ರೆ ನಿಮಗೆ ಕೊಳೆರೋಗ ಮಾತ್ರ, ದುಡ್ಡಿಲ್ಲ. ಮತ್ತೆ ಯಾರ ಖಾತೆಗೆ ಬರ್ತದೆ, ಮೆಸೇಜ್ ಯಾರ ಫೋನಿಗೆ ಬರ್ತದೆ ಕೇಳಿ ಇಟ್ಕೊಳ್ಳಿ. ವಿಮೆ ದುಡ್ಡು ಬಂದದ್ದು ಮೂರು ತಿಂಗಳ ನಂತರ ಪಾಸ್‌ಬುಕ್ಕಲ್ಲಿ ಕಂಡು ಜಗಳ ಆದ ಮನೆ ನನಗೆ ಗೊತ್ತುಂಟು. ಹೆಂಗಸರ ಮನೆಯಂಗಳದ ತರಕಾರಿ, ಕೋಳಿ, ಹಪ್ಪಳ, ಒಂದಕ್ಕೂ ಈ ವಿಮೆ ಇಲ್ಲ.

ಕುಟುಂಬಶ್ರೀ ಗುಂಪಲ್ಲಿ ಲೀಸಿಗೆ ಜಾಗ ತಕ್ಕೊಂಡು ಮಾಡಿದ್ರೆ ಲಾಭ ಉಂಟಾ?

ಉಂಟು, ರಿಸ್ಕೂ ಉಂಟು. 1998ರಲ್ಲಿ ಸುರುವಾದ ಕುಟುಂಬಶ್ರೀಯಲ್ಲಿ ನಾಲ್ಕರಿಂದ ಹತ್ತು ಹೆಂಗಸರು ಸೇರಿ ಗುಂಪು ಮಾಡಿ ಬ್ಯಾಂಕಿಂದ ಸಾಲ ತಕ್ಕೊಂಡು ಬೇರೆಯವರ ಪಡೀಲು (ಪಾಳು ಬಿಟ್ಟ) ಜಾಗದಲ್ಲಿ ಭತ್ತ, ತರಕಾರಿ, ಬಾಳೆ, ಮರಗೆಣಸು ಮಾಡ್ತಾರೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಅವರು ಕೇರಳದಲ್ಲಿ ಇಂಥ ಗುಂಪುಗಳನ್ನು ಒಂಟಿ ಕುಟುಂಬದ ಹಿಡುವಳಿಗಳ ಜತೆ ಹೋಲಿಸಿ ನೋಡಿದಾಗ ಗುಂಪುಗಳ ಉತ್ಪತ್ತಿಯೇ ಚೆನ್ನಾಗಿತ್ತು. ಕಾರಣ ಹುಡುಕ್ಲಿಕ್ಕೆ ದೂರ ಹೋಗ್ಬೇಡ, ಒಬ್ಬಳಿಗೆ ಜ್ವರ ಬಂದ್ರೆ ಉಳಿದವರು ನೀರು ಬಿಡ್ತಾರೆ, ಒಬ್ಬಳಿಗೆ ಆಫೀಸಿಗೆ ಹೋಗ್ಲಿಕ್ಕೆ ಹೆದರಿಕೆ ಆದ್ರೆ ಐದು ಮಂದಿ ಒಟ್ಟಿಗೆ ಹೋಗ್ತಾರೆ.

ರಿಸ್ಕ್ ಎಂತ ಅಂದ್ರೆ ಕೇರಳದ ಭೂಸುಧಾರಣೆ ಕಾನೂನಲ್ಲಿ 1970ರಿಂದ ಗೇಣಿ ಇಲ್ಲ. ಗೇಣಿದಾರರಿಗೆ ಜಾಗ ಸಿಕ್ಕಿದ್ದು ಅದರಿಂದಲೇ, ಒಳ್ಳೇದೇ ಆಯ್ತು, ಆದ್ರೆ ಇವತ್ತು ಲೀಸ್ ಅಂದ್ರೆ ಬಾಯಿಮಾತು. ಜಾಗದವರು ಮುಂದಿನ ವರ್ಷ ಬೇಡ ಅಂದ್ರೆ ಮುಗೀತು, ನೆರೆಗೆ ಬೆಳೆ ಹೋದ್ರೆ ಪರಿಹಾರಕ್ಕೆ ಅವರ ರಶೀದಿ, ಅವರ ಒಪ್ಪಿಗೆ ಬೇಕು. ಸುರುವಿಗೇ ಒಂದು ಒಪ್ಪಿಗೆ ಪತ್ರ ಬರೆಸಿ ಇಟ್ಕೊಳ್ಳಿ, ಸಂಬಂಧಿಕರದ್ದೇ ಜಾಗ ಆದ್ರೂ. ಸಂಬಂಧಿಕರದ್ದಾದ್ರೆ ಖಂಡಿತ ಬರೆಸಿ.

ಮಳೆ ಸೂಚನೆ ಫೋನಿಗೆ ಬರ್ತದಲ್ಲ, ಮತ್ತೆ ಯಾಕೆ ಗೊತ್ತಾಗುದಿಲ್ಲ?

ಯಾರ ಫೋನಿಗೆ? ದೊಡ್ಡ ಫೋನ್ ಇರುದು ಗಂಡನ ಕಿಸೆಯಲ್ಲಿ, ಗಂಡ ಇರುದು ಉಪ್ಪಳ ಪೇಟೆಯಲ್ಲಿ, ಅಡಿಕೆ ಇರುದು ಅಂಗಳದಲ್ಲಿ. ಇನ್ನೊಂದು ನಮ್ಮ ಗಡಿನಾಡಿನ ವಿಶೇಷ ತೊಂದ್ರೆ, ಎಲ್ಲ ಮಲಯಾಳದಲ್ಲಿ ಬರುದು. ಕನ್ನಡ ಶಾಲೆಗೆ ಹೋದ ನಮ್ಮ ಅತ್ತೆಯಂಥವರಿಗೆ ಮಲಯಾಳ ಕೇಳಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಬರುದಿಲ್ಲ. ಗಂಡಸರು ಪೇಟೆ ತಿರುಗಿ ಹೇಗೋ ಕಲೀತಾರೆ. ಒಂದು ಆಫೀಸಿನಲ್ಲಿ ನಾನು ಕನ್ನಡ ಫಾರ್ಮ್ ಕೇಳಿದ್ದಕ್ಕೆ ಯಜಮಾನರನ್ನು ಕಳಿಸಿ ಅಂದ್ರು. ಭಾಷೆ ಇಲ್ಲದ್ದು ಒಂದು, ಹೆಣ್ಣಾದದ್ದು ಒಂದು, ಎರಡಕ್ಕೂ ಒಂದೇ ಉತ್ತರ ಕೊಟ್ಟು ಕಳಿಸಿದ್ರು.

ಹವಾಮಾನ ಇಲಾಖೆಯ ಅಲರ್ಟಿನ ಬಣ್ಣ ನೆನಪಿಟ್ರೆ ಭಾಷೆ ಬೇಡ. 24 ಗಂಟೆಯಲ್ಲಿ ಸುಮಾರು 6ರಿಂದ 11 ಸೆಂಟಿಮೀಟರ್ ಮಳೆಯ ಅಂದಾಜಿದ್ರೆ ಹಳದಿ, 11ರಿಂದ 20 ಆದ್ರೆ ಕಿತ್ತಳೆ, 20ಕ್ಕಿಂತ ಮೇಲೆ ಕೆಂಪು. ಹಳದಿಗೆ ಅಡಿಕೆ ಒಳಗೆ, ಕಿತ್ತಳೆಗೆ ತೋಡಿನ ಬದಿಯ ದನ ಮೇಲೆ, ಕೆಂಪಿಗೆ ಗುಡ್ಡ ಕಡಿದ ಜಾಗದ ಕೆಳಗೆ ಮನೆ ಇದ್ದವರು ರಾತ್ರಿ ಅಲ್ಲಿ ಮಲಗ್ಬೇಡಿ. ಇದು ನಮ್ಮ ಗುಂಪಿನ ಲೆಕ್ಕ. ಅಯಲ್‌ಕೂಟದ (ಕುಟುಂಬಶ್ರೀಯ ನೆರೆಕರೆ ಗುಂಪು) ವಾಟ್ಸಾಪ್ ಗುಂಪಲ್ಲಿ ಯಾರಾದ್ರೂ ಒಬ್ಬಳು ದಿನಾ ಮಧ್ಯಾಹ್ನ ಕನ್ನಡದಲ್ಲೋ ತುಳುವಿನಲ್ಲೋ ವಾಯ್ಸ್ ಹಾಕಿದ್ರೆ ಸಾಕು, ನಮ್ಮಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಹಾಕ್ತಾಳೆ.

ಗಂಡ ಗಲ್ಫಲ್ಲಿ. ತೋಟ ನೋಡುದು ನಾನು. ತೀರ್ಮಾನ ಯಾರದ್ದು?

ವೀಡಿಯೋ ಕಾಲಿನದ್ದು. ನಿಜ ಹೇಳ್ಬೇಕಾದ್ರೆ ಇಂಥ ಮನೆಗಳಲ್ಲಿ ಹೆಂಗಸರು ಎಲ್ಲ ಕಲೀತಾರೆ, ಪಂಪಿನ ಸ್ಟಾರ್ಟರ್, ಜನ ಮಾಡುದು, ಅಡಿಕೆ ಮಾರುದು. ಆದ್ರೆ ಮರ ಕಡಿಯುದು, ಹೊಸ ಬೆಳೆ ಹಾಕುದು, ಸಾಲ ತೆಗೆಯುದು, ಇದಕ್ಕೆ ಅಲ್ಲಿಂದ ಒಪ್ಪಿಗೆ ಬರ್ಬೇಕು, ಗಂಡ ಸಿಗದಿದ್ರೆ ಗಂಡನ ಅಣ್ಣನಿಂದ. ಕಟ್ಟ ಒಡೆದ ದಿನ ಒಪ್ಪಿಗೆಗೆ ಕಾದ್ರೆ ನೀರು ಕಾಯುದಿಲ್ಲ. ಬ್ಯಾಂಕ್ ಖಾತೆ ಜಂಟಿ ಮಾಡಿ, ಇಷ್ಟು ರೂಪಾಯಿವರೆಗೆ ಕೇಳ್ಬೇಕಾಗಿಲ್ಲ ಅಂತ ಒಂದು ಲೆಕ್ಕ ಇಬ್ಬರೇ ಕೂತು ಮೊದಲೇ ಮಾಡಿಟ್ಕೊಳ್ಳಿ.

ಬೆಳೆ ಬದಲಾಯಿಸುದು ಒಳ್ಳೇದಾ?

ಎಲೆಚುಕ್ಕಿ, ಹಳದಿ ರೋಗ, ಕೊಳೆ ಎಲ್ಲ ಸೇರಿ ಅಡಿಕೆಯೊಂದನ್ನೇ ನಂಬಿದವರಿಗೆ ಹೆದರಿಕೆ ಆಗಿದೆ, ರಬ್ಬರ್ ಹಾಕಿದವರಿದ್ದಾರೆ, ರಂಬುಟಾನ್ ಹಾಕಿದವರಿದ್ದಾರೆ. ಕಾಸರಗೋಡಲ್ಲೇ ಇರುವ ಸಿಪಿಸಿಆರ್‌ಐ (ಕೇಂದ್ರ ಸರಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಯವರು ಅಡಿಕೆ ತೆಂಗಿನ ಎಡೆಯಲ್ಲಿ ಕೊಕ್ಕೊ, ಬಾಳೆ, ಕರಿಮೆಣಸು ಅಂತ ಮಿಶ್ರ ಬೆಳೆ ಹೇಳ್ತಾ ಬಂದಿದ್ದಾರೆ, ಅದು ಒಳ್ಳೇದು. ಒಂದು ಮಾತ್ರ ನೋಡಿ, ಹೊಸ ಬೆಳೆಯ ಕೆಲಸ ಯಾರ ತಲೆಗೆ, ದುಡ್ಡು ಯಾರ ಕೈಗೆ. ಕೊಕ್ಕೊ ಒಡೆದು ಹುದುಗಿಸಿ ಒಣಗಿಸುದು ಮನೆಯಲ್ಲಿ ಯಾರು ಅಂತ ಗಿಡ ತರುವ ಮೊದಲೇ ಕೇಳಿ. ದನದ ವಿಷಯ ಬಂದ್ರೆ ನಾನು ನಮ್ಮ ಊರಿನ ಸಣ್ಣ ತಳಿ ಕಾಸರಗೋಡು ಗಿಡ್ಡದ ಪಕ್ಷ. ಹಾಲು ಕಮ್ಮಿ, ಒಪ್ಪಿದೆ, ಆದ್ರೆ ಗುಡ್ಡೆಗೆ ಬಿಟ್ರೆ ಮೇಯ್ಕೊಂಡು ಬರ್ತದೆ, ಸೆಕೆ ತಡೀತದೆ. ದೊಡ್ಡ ಜರ್ಸಿಗೆ ಎಪ್ರಿಲಲ್ಲಿ ದಿನಕ್ಕೆ ಮೂರು ಸಲ ನೀರು ಹೊಯ್ದದ್ದು ನಾನು.

ಎಲ್ಲ ಹೆಂಗಸರ ಕಷ್ಟ ಒಂದೇನಾ?

ಅಲ್ಲವೇ ಅಲ್ಲ. ನಾನು ತೋಟ ಇದ್ದ ಮನೆಯವಳು, ನಮ್ಮಲ್ಲಿಗೆ ಹೆಕ್ಕಲಿಕ್ಕೆ ಸುಲೀಲಿಕ್ಕೆ ಬರುವ ಅಕ್ಕಂದಿರಿಗೆ ಮಳೆ ಹೆಚ್ಚಾದ ದಿನ ಸಂಬಳವೇ ಇಲ್ಲ. ಸುಲಿಯುವ ಮೆಷಿನ್ ಬಂದ ಮೇಲೆ ಅದೂ ಕಮ್ಮಿ. ನನ್ನ ಬಳೆ ಹೋಯ್ತು ಅಂತ ನಾನು ಅಳ್ತೇನೆ, ಅಡವು ಇಡ್ಲಿಕ್ಕೆ ಬಳೆಯೇ ಇಲ್ಲದವರು ಕೈಸಾಲಕ್ಕೆ ಹೋಗ್ತಾರೆ. ಗಂಡ ತೀರಿಕೊಂಡವರು, ಬಿಟ್ಟು ಹೋದವರು, ಅವರ ಕಷ್ಟ ಇನ್ನೂ ಒಂದು ಕಟ್ಟು ಹೆಚ್ಚು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 24 ದೇಶಗಳ ಲೆಕ್ಕ ಹಾಕಿ 2024ರಲ್ಲಿ ಹೇಳಿದ್ದು, ಹೆಣ್ಣು ಯಜಮಾನಿ ಆಗಿರುವ ಹಳ್ಳಿಮನೆಗಳು ಗಂಡು ಯಜಮಾನರ ಮನೆಗಳಿಗಿಂತ ಸೆಕೆಯಿಂದ ನೂರಕ್ಕೆ 8ರಷ್ಟು, ನೆರೆಯಿಂದ ನೂರಕ್ಕೆ 3ರಷ್ಟು ಹೆಚ್ಚು ಆದಾಯ ಕಳ್ಕೊಳ್ತವೆ ಅಂತ.

ಎಣ್ಮಕಜೆ ಕಡೆ ಇನ್ನೊಂದು ಉಂಟು. ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಯ್ದದ್ದು 2000ದ ಹೊತ್ತಿಗೆ ನಿಂತಿತು, ಮಲಗಿದಲ್ಲೇ ಇರುವ ಮಕ್ಕಳನ್ನು ನೋಡಿಕೊಳ್ಳುದು ನಿಲ್ಲಲಿಲ್ಲ. ಅದು ಹವಾಮಾನದ ವಿಷಯ ಅಲ್ಲ, ಗೊತ್ತುಂಟು. ಆದ್ರೆ ಅಂಥ ಮಗುವನ್ನು ಬಿಟ್ಟು ಕಿತ್ತಳೆ ಅಲರ್ಟಿನ ದಿನ ದನ ಬಿಚ್ಚಲಿಕ್ಕೆ ತೋಡಿನ ಬದಿಗೆ ಓಡುವ ತಾಯಿಗೆ ಎರಡು ಬೇರೆ ಬೇರೆ ಫೈಲ್ ಇಲ್ಲ.

ಉದ್ಯೋಗ ಖಾತ್ರಿ ಕೆಲಸದಿಂದ ಉಪಯೋಗ ಆಗಿದೆಯಾ?

ಆಗಿದೆ. 2005ರ ಕಾನೂನಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರು ಇರ್ಬೇಕು ಅಂತ ಇತ್ತು, ಕೇರಳದಲ್ಲಿ ನೂರಕ್ಕೆ 90ರ ಹತ್ತಿರ ಹೆಂಗಸರೇ ಬಂದ್ರು. ದುಡ್ಡು ಅವರದ್ದೇ ಖಾತೆಗೆ. ಕೆಲಸ ಎಂತ ಮಾಡಿಸುದು ಅನ್ನುದರಲ್ಲಿ ಉಂಟು ಎಲ್ಲ, ರಸ್ತೆ ಬದಿ ಹುಲ್ಲು ಕೆತ್ತಿಸಿದ್ರೆ ಅದು ಸಂಬಳ ಮಾತ್ರ, ಇಂಗುಗುಂಡಿ, ಕೆರೆ, ಕಟ್ಟ ಮಾಡಿಸಿದ್ರೆ ಬಾವಿಗೂ ನೀರು. ಪಾಲಕ್ಕಾಡಿನ ಪೂಕೋಟ್ಟುಕಾವ್ ಪಂಚಾಯತಿನಲ್ಲಿ ಹೆಂಗಸರೇ ಬಾವಿ ತೋಡಿದ್ದಾರೆ. ಬಾವಿ ತೋಡುದು ಗಂಡಸರ ಕೆಲಸ ಅಂತ ಇಲ್ಲಿ ಹೇಳುವವರಿಗೆ ನಾನು ಇದನ್ನೇ ಹೇಳುದು. ಗ್ರಾಮಸಭೆಗೆ ಹೋದಾಗ ಯಾವ ತೋಡಿಗೆ ಕಟ್ಟ ಬೇಕು ಅಂತ ಬರೆದು ತಕ್ಕೊಂಡು ಹೋಗಿ, ಬಾಯಲ್ಲಿ ಹೇಳಿದ್ದು ನಡಾವಳಿಗೆ ಏರುದಿಲ್ಲ.

ಗಂಡನ ಹತ್ರ ಸಾಲದ ವಿಷಯ ಕೇಳುದು ಹೇಗೆ? ಜಗಳ ಆಗ್ತದೆ.

ನಾನು ಜಗಳ ಮಾಡಿಯೇ ಕೇಳಿದ್ದು, ಅದು ಒಳ್ಳೇ ದಾರಿ ಅಲ್ಲ. ಸುಲಭದ್ದು ಒಂದು ಉಂಟು, ಮೊದಲು ನಿಮ್ಮ ಡಬ್ಬ ತೆಗೀರಿ. ನನ್ನ ಹತ್ರ ಇಷ್ಟುಂಟು, ಕುಟುಂಬಶ್ರೀಯಲ್ಲಿ ಇಷ್ಟು ಸಾಲ ಉಂಟು, ಈ ಬಳೆ ಈ ತಾರೀಕಿಗೆ ಬಿಡಿಸ್ಬೇಕು ಅಂತ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿ. ಅವರೂ ಬರೀತಾರೆ, ಆ ದಿನ ಅಲ್ಲದಿದ್ರೂ ಒಂದು ವಾರ ಬಿಟ್ಟು. ನಮ್ಮ ಭಾವ ಬರೆದದ್ದು ಹದಿನೇಳು ದಿನದ ನಂತರ, ಅಕ್ಕ ಎಣಿಸಿದ್ದಾಳೆ.

ನನ್ನ ಹೆಸರಲ್ಲಿ ಅರ್ಜಿ ಹಾಕ್ಬೇಕಾದ್ರೆ ಯಾವ ಪೇಪರ್ ಬೇಕು?

ತೀರ್ವೆ ರಶೀದಿ ಈ ವರ್ಷದ್ದು, ಆಧಾರ್, ನಿಮ್ಮ ಸ್ವಂತ ಖಾತೆಯ ಪಾಸ್‌ಬುಕ್, ಆಧಾರಿಗೆ ಸೇರಿಸಿದ ಫೋನ್ ನಂಬರ್ (ಗಂಡನದ್ದು ಇದ್ರೆ ಮೊದಲು ಅದನ್ನು ಬದಲಾಯಿಸಿ, ಒಟಿಪಿ ಅಲ್ಲಿಗೇ ಹೋಗ್ತದೆ). ಜಾಗ ಇನ್ನೊಬ್ಬರದ್ದಾದ್ರೆ ಒಪ್ಪಿಗೆ ಪತ್ರ. ಹಾನಿ ಆದ್ರೆ ಬಿದ್ದ ಮರ ಕಡಿದು ತೆಗೆಯುವ ಮೊದಲು ಫೋಟೋ, ಫೋಟೋದಲ್ಲಿ ನೀವೂ ನಿಲ್ಲಿ. ಆನ್‌ಲೈನ್ ಅರ್ಜಿ ಅಕ್ಷಯ ಕೇಂದ್ರದಲ್ಲಿ (ಸರಕಾರಿ ಸೇವೆಗಳ ಕಂಪ್ಯೂಟರ್ ಕೇಂದ್ರ) ಮಾಡಿ ಕೊಡ್ತಾರೆ, ಪ್ರಿಂಟ್ ತಕ್ಕೊಂಡು ಕೃಷಿ ಭವನಕ್ಕೆ ಹೋಗಿ, ಬೆಳಿಗ್ಗೆಯೇ ಹೋದ್ರೆ ಒಳ್ಳೇದು. ಮಲಯಾಳ ಓದ್ಲಿಕ್ಕೆ ಬರುವ ಮಗಳೋ ನೆರೆಮನೆ ಹುಡುಗಿಯೋ ಜತೆಗಿದ್ರೆ ಸಹಿ ಹಾಕುವ ಮೊದಲು ಒಮ್ಮೆ ಓದಿಸಿ ಕೇಳಿ.